ತೊಟ್ಟಿಲು, ಪೇಢೆ, ಧ್ವಜ: ಬಿಸಿನೆಸ್ ಸ್ಟ್ರಾಟಜಿ ಮಾಡೋಕೆ ಯಾವ ದಾರಿ ಹಿಡೀಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಂತು ಕೇಳ್ತಿರೋರಿಗೆ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳ್ತಿರೋರಿಗೆ, ಎಲ್ಲರಿಗೂ ಇವತ್ತಿನ ವಿಷಯ ಬಿಸಿನೆಸ್ ಸ್ಟ್ರಾಟಜಿ. ಹೆಸರು ಕೇಳಿ ಮುಂದಿನ ಎಪಿಸೋಡಿಗೆ ಹಾರಬೇಡಿ. ಸ್ಟ್ರಾಟಜಿ ಏನಿರಬೇಕು ಅಂತ ನಾನು ಹೇಳೋದಿಲ್ಲ. ಅದನ್ನ ಹೇಳೋ ರೀಲ್ಸ್ ನಿಮ್ಮ ಫೋನಿಗೆ ದಿನಕ್ಕೆ ಹತ್ತು ಬರ್ತಾವೆ. ನನ್ನ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಸ್ಟ್ರಾಟಜಿ ಮಾಡೋ ವಿಧಾನವನ್ನೇ ಹೇಗೆ ಆರಿಸಿಕೊಳ್ಳಬೇಕು? ಮೊದಲೇ ಕುಂತು ಐದು ವರ್ಷದ್ದು ಬರೆಯೋದಾ, ಸಣ್ಣದಾಗಿ ಶುರು ಮಾಡಿ ಕಲೀತಾ ಹೋಗೋದಾ?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ನಮ್ಮ ಕಲಘಟಗಿಯಲ್ಲೇ. ನಮ್ಮ ಓಣಿಯ ಒಬ್ಬ ಹುಡುಗ, ಐಟಿಐ ಮುಗಿಸಿದವನು. ತಂದೆ ಬಡಿಗತನ ಮಾಡ್ತಾರೆ. ತೊಟ್ಟಿಲ ವ್ಯಾಪಾರಕ್ಕೆ ಇಳೀಬೇಕು ಅಂತ ಅವನ ಆಸೆ. ಕೈಯಲ್ಲೊಂದು ಪ್ರಾಜೆಕ್ಟ್ ರಿಪೋರ್ಟ್ ಹಿಡ್ಕೊಂಡು ಬಂದ. ಸ್ಪೈರಲ್ ಬೈಂಡಿಂಗ್, ಇಪ್ಪತ್ತೆಂಟು ಪುಟ. ಮರ ಕೊರೆಯೋ ಸಿಎನ್‌ಸಿ ಮಷಿನ್ನು, ಒಂದು ಶೆಡ್ಡು, ಹುಬ್ಬಳ್ಳಿಯಲ್ಲೊಂದು ಬಾಡಿಗೆ ಅಂಗಡಿ, ಎಲ್ಲಾ ಸೇರಿ 10 ಲಕ್ಷದ ಸಾಲ. ಜಾಮೀನಿಗೆ ಊರ ಹೊರಗಿನ ಒಂದೂವರೆ ಎಕರೆ ಹೊಲ. "ಅಣ್ಣಾ, ಇದನ್ನೊಮ್ಮೆ ಓದಿ ಹೇಳು. ಅಪ್ಪ ಸಹಿ ಮಾಡಬೇಕೋ ಬ್ಯಾಡೋ?" ಅಂದ.

ಓದಿದೆ. ಮೊದಲ ವರ್ಷ ಸಾಮರ್ಥ್ಯದ 60 ಪರ್ಸೆಂಟ್ ಉತ್ಪಾದನೆ, ಎರಡನೇ ವರ್ಷ 70, ಮೂರನೇ ವರ್ಷ 80. ಇಂಥ ರಿಪೋರ್ಟ್ ನೋಡಿದೋರಿಗೆ ಈ ಅಂಕಿಗಳ ಗುರುತು ಸಿಗ್ತದೆ. ಬೇಕರಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ, ತೊಟ್ಟಿಲಿಗೂ ಅದೇ. ಯಾಕೆ 60 ಅಂತ ಕೇಳಿದೆ. "ಮಾಡಿಕೊಟ್ಟ ಆಫೀಸಿನವ್ರು ಎಲ್ಲಾರಿಗೂ ಹಂಗ ಹಾಕತಾರಂತ" ಅಂದ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ಪ್ರಾಜೆಕ್ಟ್ ರಿಪೋರ್ಟ್ ಸುಳ್ಳು ಕಾಗದ ಅಂತ ನಾನು ಹೇಳ್ತಿಲ್ಲ. ಸಾಲ ಕೊಡೋರಿಗೆ ಕಂತು ತೀರುತ್ತೋ ಇಲ್ಲೋ ಅಂತ ಒಂದು ಲೆಕ್ಕ ಬೇಕು, ಅದಕ್ಕೆ ಅದು ಇದೆ. ಆದ್ರೆ ನಮ್ಮ ಕಡೆ ಎಷ್ಟೋ ಜನ ಹುಡುಗರಿಗೆ ಬದುಕಿನಲ್ಲಿ ಸಿಗೋ ಒಂದೇ ಒಂದು "ಪ್ಲ್ಯಾನ್" ಅಂದ್ರೆ ಆ ರಿಪೋರ್ಟು. ಅದನ್ನೇ ಸ್ಟ್ರಾಟಜಿ ಅಂದ್ಕೊಂಡು ಬಿಡ್ತಾರೆ. ಯಾರಿಗೆ ಮಾರ್ತೀನಿ, ಅವರು ನನ್ನ ಹತ್ರನೇ ಯಾಕೆ ಬರ್ತಾರೆ, ಏನು ಮಾಡೋದಿಲ್ಲ ಅಂತ ನಿರ್ಧಾರ ಮಾಡಿದೀನಿ, ಈ ಮೂರಕ್ಕೂ ಇಪ್ಪತ್ತೆಂಟು ಪುಟದಲ್ಲಿ ಉತ್ತರ ಇರಲಿಲ್ಲ.

ಕಲಘಟಗಿ ತೊಟ್ಟಿಲು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಸಾಗವಾನಿ ಕಟ್ಟಿಗೆ, ಅದರ ಮೇಲೆ ಅರಗಿನ ಬಣ್ಣ, ಪಟ್ಟಿಗಳ ತುಂಬ ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತದ ಚಿತ್ರ. ಕೈಯಿಂದ ಮಾಡೋ ಕೆಲಸ, ಮಾಡೋ ಮನೆತನಗಳು ಬೆರಳೆಣಿಕೆ. ನಟ ಯಶ್ ಅವರ ಮಗಳಿಗೆ ಅಂತ ಅಂಬರೀಷ್ ಅವರು ಬದುಕಿದ್ದಾಗಲೇ ಆರ್ಡರ್ ಕೊಟ್ಟಿದ್ದ ತೊಟ್ಟಿಲು ಇಲ್ಲಿಯದೇ. 2019ರಲ್ಲಿ ಅದು ಸುದ್ದಿಯಾದಾಗ ರಾಜ್ಯದ ತುಂಬ ನಮ್ಮೂರ ಹೆಸರು ಓಡಾಡಿತು.

ಹೆಸರೇನೋ ದೊಡ್ಡದು, ವ್ಯಾಪಾರ ಮಾತ್ರ ವಿಚಿತ್ರ. ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನೆಯಲ್ಲಿ, ತೊಟ್ಟಿಲೂ ತವರಿನದೇ. ಅಂದ್ರೆ ಕೊಳ್ಳೋರು ಅಜ್ಜ ಅಜ್ಜಿ, ಮಲಗೋದು ಕೂಸು, ಮನೆಯಲ್ಲಿ ಜಾಗ ಹುಡುಕಬೇಕಾದ್ದು ಅಳಿಯ. ಮೇಲಾಗಿ ಒಂದ್ಸಲ ಮಾಡಿಸಿದ್ರೆ ಆ ತೊಟ್ಟಿಲಲ್ಲಿ ಮಗಳು, ಮೊಮ್ಮಗಳು, ಮರಿಮಗಳು ಎಲ್ಲಾ ಮಲಗ್ತಾರೆ. ಗಟ್ಟಿ ಸಾಮಾನು ಮಾಡೋದೇ ಈ ಕಸುಬಿನ ಮಾನ, ಆ ಗಟ್ಟಿತನದಿಂದಲೇ ಹಳೇ ಗಿರಾಕಿ ಮತ್ತೆ ಬರೋದಿಲ್ಲ. ಇಂಥ ವ್ಯಾಪಾರಕ್ಕೆ 60, 70, 80 ಅಂತ ಬರೆಯೋಕೆ ಆಧಾರ ಎಲ್ಲಿಂದ ತರೋದು?

ಹಾಗಾದ್ರೆ ಪ್ಲ್ಯಾನ್ ಮಾಡೋದೇ ತಪ್ಪಾ? ಅಲ್ಲ. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿನ ಮಾರ್ಟಿನ್ ರೀವ್ಸ್ ಮತ್ತು ಜೊತೆಗಾರರು 2012ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದ್ರು. ಅದರ ಸಾರ ಇಷ್ಟು: ಸ್ಟ್ರಾಟಜಿ ಮಾಡೋ ರೀತಿ ಎಲ್ಲಾ ವ್ಯಾಪಾರಕ್ಕೂ ಒಂದೇ ಆಗೋಕೆ ಸಾಧ್ಯ ಇಲ್ಲ. ಮೊದಲು ನೋಡಬೇಕಾದ್ದು ಎರಡು. ನಿಮ್ಮ ವ್ಯಾಪಾರದಲ್ಲಿ ಮುಂದೆ ಏನಾಗುತ್ತೆ ಅಂತ ಎಷ್ಟರ ಮಟ್ಟಿಗೆ ಅಂದಾಜು ಮಾಡಬಹುದು? ಮತ್ತೆ ಆ ಮಾರುಕಟ್ಟೆಯನ್ನ ನೀವೇ ಬದಲಾಯಿಸೋಕೆ ಎಷ್ಟರ ಮಟ್ಟಿಗೆ ಸಾಧ್ಯ? ಇವೆರಡರ ಜೊತೆ ಮೂರನೇದೊಂದನ್ನೂ ಅವರು ಸೇರಿಸ್ತಾರೆ: ಪರಿಸ್ಥಿತಿ ಕಷ್ಟದಲ್ಲಿದೆಯಾ, ಅಂದ್ರೆ ಮೊದಲು ಜೀವ ಉಳಿಸಿಕೊಳ್ಳಬೇಕಾದ ಹಂತವಾ? ಅದು ಕನ್ಸಲ್ಟೆಂಟ್ ಕಂಪನಿ, ದೊಡ್ಡ ದೊಡ್ಡ ಗಿರಾಕಿಗಳಿಗೆ ಬರೆದದ್ದು, ನಿಜ. ಆದ್ರೂ ಈ ಪ್ರಶ್ನೆಗಳು ಕಲಘಟಗಿ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗೂ ಹೊಂದ್ತಾವೆ ಅನ್ನೋದು ನನ್ನ ಅನುಭವ.

ಅಂದಾಜು ಸಿಗೋ ವ್ಯಾಪಾರಕ್ಕೆ ಧಾರವಾಡ ಪೇಢೆ ನೋಡಿ. ಹಾಲು, ಸಕ್ಕರೆ, ಹಬ್ಬ, ಮದುವೆ. ಬೇಡಿಕೆ ಇವತ್ತು ಇದ್ದದ್ದು ನಾಳೆ ಮಾಯ ಆಗಲ್ಲ. ಲೈನ್ ಬಜಾರಿನ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ಶುರು ಮಾಡಿದ ಪೇಢೆ ಬಾಬುಸಿಂಗ್ ಠಾಕೂರ್ ಕಾಲಕ್ಕೆ ಮನೆಮಾತಾಯ್ತು. ಬಹಳ ಕಾಲ ಅವರದ್ದು ಒಂದೇ ಅಂಗಡಿ, ಮಾಡೋದು ಇಷ್ಟೇ, ಮುಗೀತು ಅಂದ್ರೆ ಮುಗೀತು. ಜನ ಪಾಳಿ ಹಚ್ಚಿ ನಿಂತು ಒಯ್ತಿದ್ರು. ಅದೇ ಲೈನ್ ಬಜಾರಿನಲ್ಲಿ 1933ರಲ್ಲಿ ಅವಧ್ ಬಿಹಾರಿ ಮಿಶ್ರಾ ಶುರು ಮಾಡಿದ ಅಂಗಡಿಯವರು ಬೇರೆ ದಾರಿ ಹಿಡಿದ್ರು: ಉತ್ಪಾದನೆ ಹೆಚ್ಚಿಸೋದು, ಊರೂರಿಗೆ ಅಂಗಡಿ ಹಾಕೋದು. ಬಸ್‌ಸ್ಟ್ಯಾಂಡಿಗೆ ಹೋದ್ರೂ ಮಿಶ್ರಾ ಪೇಢೆ ಸಿಗಬೇಕು, ಆ ಲೆಕ್ಕ.

ಯಾವುದು ಸರಿ? ಎರಡೂ. ರುಚಿ ಯಾವುದರದ್ದು ಹೆಚ್ಚು ಅಂತ ಕಾಮೆಂಟಿನಲ್ಲಿ ಜಗಳ ಆಡಬೇಡಿ, ಅದು ಧಾರವಾಡದಲ್ಲಿ ಮುಗಿಯದ ಜಗಳ. ನಾನು ಹೇಳೋಕೆ ಹೊರಟಿದ್ದು ಬೇರೆ. ಬೇಡಿಕೆ ಸ್ಥಿರವಾಗಿರೋ ಕಡೆ ಕುಂತು ಲೆಕ್ಕ ಹಾಕಿ ಒಂದು ದಿಕ್ಕು ಆರಿಸಿಕೊಂಡು ವರ್ಷಗಟ್ಟಲೆ ಅದಕ್ಕೇ ಅಂಟಿಕೊಂಡ್ರೆ ಫಲ ಸಿಗ್ತದೆ. ಹಾಲಿನ ಡೇರಿ, ಕೋಲ್ಡ್ ಸ್ಟೋರೇಜು, ಹಿಟ್ಟಿನ ಗಿರಣಿ ಇವೆಲ್ಲಾ ಈ ಜಾತಿಯವು. ಕೋಲ್ಡ್ ಸ್ಟೋರೇಜನ್ನ ಅರ್ಧ ಕಟ್ಟಿ ಟ್ರೈ ಮಾಡೋಕೆ ಬರಲ್ಲ. ಅಲ್ಲಿ ಮೊದಲೇ ಪ್ಲ್ಯಾನ್ ಬೇಕು, ಸಂಖ್ಯೆ ಬೇಕು, ಬೇಕಾದ್ರೆ ಆಡಿಟರೂ ಬೇಕು.

ಈಗ ಇನ್ನೊಂದು ತುದಿಗೆ ಬರೋಣ. ಬೈಕ್ ಇಷ್ಟಪಡೋರಿಗೆ ಈ ಕಥೆ ಹಿಡಿಸುತ್ತೆ. ಹೋಂಡಾ ಕಂಪನಿ 1959ರಲ್ಲಿ ಅಮೆರಿಕಕ್ಕೆ ಹೋಯ್ತು, ಲಾಸ್ ಏಂಜಲೀಸ್‌ಗೆ. ಅಮೆರಿಕನ್ನರಿಗೆ ದೊಡ್ಡ ಗಾಡಿ ಇಷ್ಟ ಅಂತ ದೊಡ್ಡ ಬೈಕ್ ಮಾರೋ ಲೆಕ್ಕ. ಆದ್ರೆ ಅಲ್ಲಿನ ಜನ ದೂರ ದೂರ, ಜೋರಾಗಿ ಓಡಿಸ್ತಿದ್ರು. ದೊಡ್ಡ ಬೈಕುಗಳಿಂದ ಎಣ್ಣೆ ಸೋರೋಕೆ, ಕ್ಲಚ್ ಕೆಡೋಕೆ ಶುರುವಾಯ್ತು. ಆ ಹೊತ್ತಿಗೆ ಕಂಪನಿಯ ಹುಡುಗರು ತಮ್ಮ ಓಡಾಟಕ್ಕೆ 50 ಸಿಸಿಯ ಸೂಪರ್ ಕಬ್ ಬಳಸ್ತಿದ್ರು. ರಸ್ತೆಯಲ್ಲಿ ನೋಡಿದೋರು ಅದನ್ನ ಕೇಳೋಕೆ ಹತ್ತಿದ್ರು. ಮಾರಬೇಕು ಅಂತ ತಂದದ್ದು ನಿಂತುಹೋಯ್ತು, ಕೆಲಸಕ್ಕೆ ಅಂತ ಇಟ್ಕೊಂಡದ್ದು ಮಾರಾಟ ಆಯ್ತು. ಮುಂದೆ ಇದನ್ನ ಹೊರಗಿನಿಂದ ನೋಡಿದ ಕನ್ಸಲ್ಟೆಂಟರು ಮೊದಲಿಂದಲೂ ಪಕ್ಕಾ ಪ್ಲ್ಯಾನ್ ಇತ್ತು ಅನ್ನೋ ಹಾಗೆ ವಿವರಿಸಿದ್ರು. ರಿಚರ್ಡ್ ಪಾಸ್ಕಲ್ ಅನ್ನೋ ವಿದ್ವಾಂಸ 1984ರಲ್ಲಿ ಹೋಂಡಾದ ಆ ಹಳೇ ಜನರ ಮಾತನ್ನೇ ಆಧಾರ ಮಾಡಿ ಬರೆದಾಗ ನಿಜ ಗೊತ್ತಾಯ್ತು.

ಕೆನಡಾದ ಪ್ರೊಫೆಸರ್ ಹೆನ್ರಿ ಮಿಂಟ್ಜ್‌ಬರ್ಗ್ ಇಂಥದ್ದನ್ನ "ಮೇಲೆದ್ದು ಬಂದ ಸ್ಟ್ರಾಟಜಿ" ಅನ್ನೋ ಅರ್ಥದಲ್ಲಿ ಕರೆದ್ರು. 1987ರ ಒಂದು ಲೇಖನದಲ್ಲಿ ಅವರು ಕೊಟ್ಟ ಹೋಲಿಕೆ ಕುಂಬಾರನದು: ಚಕ್ರದ ಮೇಲೆ ಮಣ್ಣು ಇಟ್ಟವರ ತಲೆಯಲ್ಲಿ ಒಂದು ಆಕಾರ ಇರುತ್ತೆ, ಆದ್ರೆ ಕೈಗೆ ಮಣ್ಣು ಹೇಳೋದನ್ನೂ ಅವರು ಕೇಳ್ತಾರೆ. ನಮ್ಮೂರ ಬಡಿಗೇರರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. ಕಟ್ಟಿಗೆಯ ಎಳೆ ನೋಡದೆ ಉಳಿ ಹಚ್ಚಿದ್ರೆ ಏನಾಗುತ್ತೆ ಅಂತ ಅವರಿಗೆ ಗೊತ್ತು.

ನಮ್ಮ ಕಡೆಯದ್ದೇ ಉದಾಹರಣೆ ಬೇಕು ಅಂದ್ರೆ ವಿಆರ್‌ಎಲ್. 2022ರ ‘ವಿಜಯಾನಂದ’ ಸಿನಿಮಾ ನೋಡಿರಬಹುದು. ವಿಜಯ ಸಂಕೇಶ್ವರ ಅವರು ಮನೆತನದ ಮುದ್ರಣದ ಕೆಲಸ ಬಿಟ್ಟು 1976ರಲ್ಲಿ ಗದಗಿನಲ್ಲಿ ಒಂದು ಟ್ರಕ್ಕಿನಿಂದ ಶುರು ಮಾಡಿದ್ರು. ಆಮೇಲೆ ಹುಬ್ಬಳ್ಳಿ, ಆಮೇಲೆ ಬಸ್ಸು, 1999ರಲ್ಲಿ ವಿಜಯ ಕರ್ನಾಟಕ ಪತ್ರಿಕೆ, 2006ರಲ್ಲಿ ಅದನ್ನ ಟೈಮ್ಸ್ ಗ್ರೂಪಿಗೆ ಮಾರಿದ್ದು, 2012ರಲ್ಲಿ ವಿಜಯವಾಣಿ, 2015ರಲ್ಲಿ ಷೇರುಪೇಟೆ. ಇದೆಲ್ಲಾ 1976ರ ಒಂದು ಹಾಳೆಯ ಮೇಲೆ ಬರೆದಿಟ್ಟದ್ದು ಅಂತ ನನಗೆ ಅನ್ನಿಸಲ್ಲ. ಒಂದು ಹೆಜ್ಜೆ ಇಟ್ಟಾಗ ಮುಂದಿನದು ಕಾಣುತ್ತೆ. ಊರೂರಿಗೆ ಲಾರಿ ಓಡೋ ಜಾಲ ಕೈಯಲ್ಲಿದ್ದವರಿಗೆ ಬೆಳಗಾಗೋದರೊಳಗೆ ಪತ್ರಿಕೆ ಮುಟ್ಟಿಸೋದು ಬೇರೆಯವರಿಗೆ ಕಂಡಷ್ಟು ಕಷ್ಟ ಅನ್ನಿಸಿರಲಿಕ್ಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ. "ನೋಡೋಣ, ಮಾಡ್ತಾ ಹೋಗೋಣ" ಅನ್ನೋದು ಸೋಮಾರಿಗಳಿಗೂ ಬಹಳ ಇಷ್ಟದ ಮಾತು. ಟ್ರೈ ಮಾಡೋದಕ್ಕೂ ಶಿಸ್ತು ಬೇಕು. ಯಾವ ತಾರೀಖಿನ ತನಕ, ಎಷ್ಟು ದುಡ್ಡಿನ ತನಕ, ಏನು ಕಂಡ್ರೆ ಮುಂದುವರಿಸ್ತೀನಿ, ಏನು ಕಂಡ್ರೆ ನಿಲ್ಲಿಸ್ತೀನಿ. ಈ ನಾಲ್ಕು ಬರೆಯದೆ ಶುರು ಮಾಡಿದ್ದು ಪ್ರಯೋಗ ಅಲ್ಲ, ಕಾಲಹರಣ.

ಮೂರನೇ ಪರಿಸ್ಥಿತಿ ಇನ್ನೂ ಕಠಿಣ: ಆಟದ ನಿಯಮ ಬೇರೆಯವರ ಕೈಯಲ್ಲಿದ್ದಾಗ. ಹುಬ್ಬಳ್ಳಿಯ ಬೆಂಗೇರಿಯಲ್ಲಿರೋ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರಲ್ಲಿ. ಬಿಐಎಸ್ ಮಾನದಂಡದ ಪ್ರಕಾರ ರಾಷ್ಟ್ರಧ್ವಜ ತಯಾರಿಸೋ ಸಂಸ್ಥೆ ಅಂತ ದೇಶಕ್ಕೇ ಹೆಸರು. ದಾರದ ಲೆಕ್ಕದಿಂದ ಹಿಡಿದು ಚಕ್ರದ ಅಳತೆಯ ತನಕ ಪರೀಕ್ಷೆ ಪಾಸಾಗಬೇಕು. ಕೆಲಸ ಮಾಡೋರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಧ್ವಜ ಅಂದ್ರೆ ಕೈಮಗ್ಗದ ಖಾದಿಯೇ ಅನ್ನೋ ನಿಯಮ ಇರೋ ತನಕ ಬೇಡಿಕೆಗೆ ಒಂದು ಗೋಡೆಯ ರಕ್ಷಣೆ ಇತ್ತು. 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ‘ಹರ್ ಘರ್ ತಿರಂಗಾ’ ಬಂತು. ದೇಶದ ತುಂಬ ಧ್ವಜಕ್ಕೆ ಬೇಡಿಕೆ ಉಕ್ಕಿದ ಹೊತ್ತಿನಲ್ಲಿ ಪೇಟೆ ತುಂಬಿದ್ದು ಅಗ್ಗದ ಪಾಲಿಯೆಸ್ಟರ್. ಸಂಘ ತಿದ್ದುಪಡಿಯನ್ನ ವಿರೋಧಿಸಿತು.

ನಿಯಮ ಸರಿಯೋ ತಪ್ಪೋ ಅನ್ನೋ ಚರ್ಚೆ ಇವತ್ತಿನದಲ್ಲ. ನಿಮ್ಮ ವ್ಯಾಪಾರ ಒಂದೇ ಒಂದು ಸರ್ಕಾರಿ ಸಾಲಿನ ಮೇಲೆ, ಒಂದೇ ಒಂದು ಆ್ಯಪಿನ ಮೇಲೆ, ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ನಿಂತಿದ್ರೆ ನಿಮಗೆ ಬೇಕಾದ ವಿಧಾನ ಐದು ವರ್ಷದ ಪ್ಲ್ಯಾನಲ್ಲ, ‘ಹೀಗಾದ್ರೆ ಏನು’ ಅನ್ನೋ ಕಥೆಗಳು. ಶೆಲ್ ಅನ್ನೋ ತೈಲ ಕಂಪನಿಯಲ್ಲಿ ಪಿಯರ್ ವಾಕ್ ಮತ್ತು ತಂಡ 1970ರ ದಶಕದ ಶುರುವಿನಲ್ಲಿ ಮಾಡಿದ್ದು ಇದನ್ನೇ. ಎಣ್ಣೆ ಬೆಲೆ ಒಮ್ಮೆಲೇ ಏರಿದ್ರೆ ಏನು ಮಾಡ್ತೀರಿ ಅಂತ ಮ್ಯಾನೇಜರುಗಳನ್ನ ಕೂರಿಸಿ ಕೇಳಿದ್ರು. 1973ರಲ್ಲಿ ಬೆಲೆ ಏರೇ ಏರಿತು. ಗೋವಿನಜೋಳ ಖರೀದಿ ಮಾಡೋ ನಮ್ಮ ಹುಡುಗರಿಗೂ ಇದು ಬೇಕು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಅಂತ ಕಾಗದದ ಮೇಲೆ ಇತ್ತು. ಅದೇ ಹಂಗಾಮಿನಲ್ಲಿ ಮಾರುಕಟ್ಟೆ ಬೆಲೆ ಅದರ ಕೆಳಗೆ ಇಳಿದು ರೈತರು ಬೀದಿಗೆ ಬಂದ್ರು.

ಸರಿ, ನಮ್ಮ ಹುಡುಗನ ವಿಷಯಕ್ಕೆ ಬರ್ತೀನಿ. ಬೇಡಿಕೆ ಅಂದಾಜಿಗೆ ಸಿಗುತ್ತಾ? ಇಲ್ಲ. ಯಾಕಂದ್ರೆ ಅವನು ಇನ್ನೂ ಒಂದೂ ತೊಟ್ಟಿಲು ಮಾರಿಲ್ಲ. ಮಾರುಕಟ್ಟೆಯನ್ನ ಅವನು ಬದಲಾಯಿಸಬಹುದಾ? ಸ್ವಲ್ಪ. ತೊಟ್ಟಿಲು ಹೀಗೇ ಇರಬೇಕು ಅಂತ ಕಾನೂನಿಲ್ಲ. ಕಷ್ಟದಲ್ಲಿದಾನಾ? ಸದ್ಯಕ್ಕೆ ಇಲ್ಲ, ಆದ್ರೆ ಸಹಿ ಬಿದ್ದ ಮರುದಿನದಿಂದ ಇರ್ತಾನೆ.

ಈ ಕಡೆಯ ಮಾತಿಗೆ ಲೆಕ್ಕ ಕೊಡ್ತೀನಿ. 10 ಲಕ್ಷ, ವರ್ಷಕ್ಕೆ 11 ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದ್ರೆ ತಿಂಗಳ ಕಂತು ಸುಮಾರು 21,700. ಒಂದು ತೊಟ್ಟಿಲಿಗೆ ಎಲ್ಲಾ ಖರ್ಚು ಕಳೆದು 6,000 ಉಳೀತದೆ ಅಂದ್ಕೊಳ್ಳೋಣ. ಕಂತು ತುಂಬೋಕೇ ತಿಂಗಳಿಗೆ ನಾಲ್ಕು ತೊಟ್ಟಿಲು ಹೋಗಬೇಕು. ಅಂಗಡಿ ಬಾಡಿಗೆ, ಕರೆಂಟು, ಅವನ ಊಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹುಡುಗ ಫೋನ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ಇದನ್ನ ತಾನೇ ಎರಡು ಸಲ ಹಾಕಿ ನೋಡಿದ.

ಇಂಥ ಕಡೆ ನನಗೆ ಇಷ್ಟವಾದ ವಿಧಾನ ಸರಸ್ ಸರಸ್ವತಿ ಅನ್ನೋ ಪ್ರೊಫೆಸರದು. ಭಾರತ ಮೂಲದವರು, ಈಗ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ಸ್ಕೂಲಿನಲ್ಲಿದ್ದಾರೆ. ಪಳಗಿದ 27 ಉದ್ಯಮಿಗಳು ಹೇಗೆ ಯೋಚನೆ ಮಾಡ್ತಾರೆ ಅಂತ ಅಧ್ಯಯನ ಮಾಡಿದವರು. ಅವರು ಕೊಡೋ ಹೋಲಿಕೆ ಅಡುಗೆಯದು. ಮೆನು ಮೊದಲು ಬರೆದು ಸಾಮಾನು ತರೋದು ಒಂದು ರೀತಿ. ಅಡುಗೆಮನೆಯಲ್ಲಿ ಏನಿದೆ ನೋಡಿ ಅದರಲ್ಲಿ ಏನಾಗುತ್ತೆ ಅಂತ ಯೋಚಿಸೋದು ಇನ್ನೊಂದು ರೀತಿ. ಎರಡನೇ ರೀತಿಯವರು ‘ಎಷ್ಟು ಲಾಭ ಬರಬಹುದು’ ಅಂತ ಶುರು ಮಾಡಲ್ಲ, ‘ಎಷ್ಟು ಹೋದ್ರೆ ನಾನು ತಡ್ಕೊಳ್ತೀನಿ’ ಅಂತ ಶುರು ಮಾಡ್ತಾರೆ. ರೊಟ್ಟಿ, ಪುಂಡಿಪಲ್ಯೆಯಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದ್ರೆ ಸಾಲದ ವಿಷಯ ಬಂದ ಕೂಡಲೇ ನಾವು ಮೆನು ಬರೆಯೋಕೆ ಕುಂತುಬಿಡ್ತೀವಿ.

ಒಂದು ಸಂಜೆ ಅವನು, ಅವರಪ್ಪ, ಅವರವ್ವ, ನಾನು ಕುಂತೆವು. ಅವ್ವನನ್ನ ಕರೆದದ್ದು ಬೇಕಂತಲೇ. ಸ್ಟ್ರಾಟಜಿ ಮಾಡೋ ಮೇಜಿನ ಸುತ್ತ ಯಾರಿರ್ತಾರೆ ಅನ್ನೋದೂ ವಿಧಾನದ ಭಾಗ, ಮತ್ತು ತೊಟ್ಟಿಲು ಕೊಳ್ಳೋ ನಿರ್ಧಾರ ನಮ್ಮ ಕಡೆ ಹೆಂಗಸರದ್ದು. ಅವನ ಕೈಯಲ್ಲಿ ಇದ್ದದ್ದೇನು? ಅಪ್ಪನ ನಲವತ್ತು ವರ್ಷದ ಕೈ, ಮನೆ ಹಿಂದಿನ ಪಡಸಾಲಿ, ಚಿತ್ರ ಬರೆಯೋರ ಪರಿಚಯ, ಒಳ್ಳೆ ಕ್ಯಾಮೆರಾ ಇರೋ ಫೋನು. ಕಳ್ಕೊಂಡ್ರೂ ತಡೆಯೋ ದುಡ್ಡು 60,000. ಸಾಲ ಬೇಕೇ ಬೇಕು ಅಂದ್ರೆ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಬಡಗಿಗಳೂ ಸೇರಿ 18 ಕಸುಬಿನವರಿಗೆ ಜಾಮೀನಿಲ್ಲದೆ ಮೊದಲ ಕಂತು 1 ಲಕ್ಷದ ತನಕ, 5 ಪರ್ಸೆಂಟ್ ಬಡ್ಡಿಗೆ. ಹೊಲದ ಪತ್ರ ಟ್ರಂಕಿನಲ್ಲೇ ಇರಬಹುದು.

ಅವ್ವ ಒಂದು ಮಾತು ಹೇಳಿದ್ರು, ರಿಪೋರ್ಟಿನ ಯಾವ ಪುಟದಲ್ಲೂ ಇಲ್ಲದ್ದು: "ಬೆಂಗಳೂರಾಗ ನನ್ನ ತಂಗಿ ಮಗಳ ಮನಿ ಅಷ್ಟs ಐತ್ರಿ. ಅಷ್ಟು ದೊಡ್ಡ ತೊಟ್ಲಾ ಎಲ್ಲಿ ಇಡತಾಳ? ಕೂಸು ನಡ್ಯಾಕ ಹತ್ತಿಂದ ಬಿಚ್ಚಿ ಇಡೂಹಂಗ ಆಗಬೇಕು."

ಬಿಚ್ಚಿ ಜೋಡಿಸೋ ಸಣ್ಣ ತೊಟ್ಟಿಲು ಎರಡು, ಹಳೇ ನಮೂನೆಯದು ಒಂದು. ಮೂರೇ. ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ, ಇನ್‌ಸ್ಟಾಗೆ ಹಾಕೋದು, ಹುಬ್ಬಳ್ಳಿಯ ನಾಲ್ಕು ಫರ್ನಿಚರ್ ಅಂಗಡಿಗೆ ತೋರಿಸೋದು. ಫೋನ್ ಮಾಡಿದ ಪ್ರತಿಯೊಬ್ಬರೂ ಏನು ಕೇಳಿದ್ರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋದು. ಕೊಂಡವರದ್ದಷ್ಟೇ ಅಲ್ಲ, ಕೊಳ್ಳದೆ ಬಿಟ್ಟವರದ್ದೂ. ಉದ್ರಿ ಇಲ್ಲ, ಅರ್ಧ ಅಡ್ವಾನ್ಸ್. ಆರು ತಿಂಗಳು. ಅಷ್ಟರೊಳಗೆ ಪರಿಚಯ ಇಲ್ಲದವರಿಂದ ಐದು ಆರ್ಡರ್ ಬರದಿದ್ರೆ ಮಷಿನ್ನಿನ ಮಾತು ಎತ್ತೋ ಹಾಗಿಲ್ಲ. ನೆಂಟರ ಆರ್ಡರ್ ಲೆಕ್ಕಕ್ಕಿಲ್ಲ. ಈ ಷರತ್ತು ಹಾಕಿದವರು ಅವರಪ್ಪ.

ಈಗ ನಾಲ್ಕನೇ ತಿಂಗಳು. ಹಳೇ ನಮೂನೆಯದು ಹೋಗಿದೆ, ಸಣ್ಣದರಲ್ಲಿ ಒಂದು ಹೋಗಿದೆ, ಹೊಸ ಆರ್ಡರ್ ಒಂದು ಬಂದಿದೆ. ಐದಕ್ಕೆ ಇನ್ನೂ ಎರಡು ಬಾಕಿ. ಆದ್ರೆ ನೋಟ್‌ಬುಕ್ಕಿನಲ್ಲಿ ಯಾರೂ ಅಂದ್ಕೊಳ್ಳದ ಒಂದು ಪ್ರಶ್ನೆ ಒಂಬತ್ತು ಸಲ ಇದೆ: "ತೊಟ್ಟಿಲು ಹಾಕೋ ಕಾರ್ಯಕ್ಕೆ ಬಾಡಿಗಿಗೆ ಕೊಡ್ತೀರೇನು?" ಒಂದೇ ತೊಟ್ಟಿಲು ತಿಂಗಳಿಗೆ ಮೂರು ಮನೆಗೆ ಹೋಗಿ ಬಂದ್ರೆ ಗಿರಾಕಿ ಮತ್ತೆ ಬರಲ್ಲ ಅನ್ನೋ ಹಳೇ ತಕರಾರೇ ಇರಲ್ಲ, ಗಟ್ಟಿ ಸಾಮಾನು ಅನ್ನೋದು ಇಲ್ಲಿ ಲಾಭ. ಆದ್ರೆ ಸಾಗಿಸೋಕೆ ಗಾಡಿ ಬೇಕು, ಬಣ್ಣ ಕೆತ್ತಿ ಹೋದ್ರೆ ಯಾರು ಕೊಡೋದು ಅಂತ ಮಾತಾಗಬೇಕು. ಅವರಪ್ಪಗೆ ಬಾಡಿಗೆಯ ಮಾತು ಅಷ್ಟು ಸೇರಿಲ್ಲ. ತವರಿನ ತೊಟ್ಟಿಲನ್ನ ಬಾಡಿಗೆ ತರೋದಾ ಅಂತ ಅವರ ಪ್ರಶ್ನೆ. ಮುಂದಿನ ಅಮಾವಾಸ್ಯೆಗೆ ಕೆಲಸ ಇರಲ್ಲ, ಅವತ್ತು ಮತ್ತೆ ಕೂರೋದು ಅಂತಾಗಿದೆ. ಅವ್ವ ಈ ಸಲ ತಮ್ಮ ತಂಗಿಯನ್ನೂ ಫೋನಿನಲ್ಲಿ ಸೇರಿಸ್ಕೊಳ್ತೀನಿ ಅಂದಿದಾರೆ.